ಸೆಕೆಂಡ್ ಗೇರ್ ನಿಲ್ಲದ ಚೇತಕ್

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯವರೆಲ್ಲ ಕಿಟಕಿ ಹಾಕಿಕೊಂಡರು. ಎದುರು ಮನೆ ಅಕ್ಕ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಗೇಟಿಗೆ ಬಂದು, "ಸೊಳ್ಳೆ ಹೊಗೆ ಗಾಡಿ ಬಂತಾ?" ಎಂದು ಕೇಳಿದರು. ಬಂದಿರಲಿಲ್ಲ. ನನ್ನ ಹಳೆ ಬಜಾಜ್ ಚೇತಕ್ ಸ್ಕೂಟರ್ ಸ್ಟಾರ್ಟ್ ಆಗಿತ್ತು.

ನಾಲ್ಕು ತಿಂಗಳು ಬಿಚ್ಚಿ, ತೊಳೆದು, ಜೋಡಿಸಿ, ಬಣ್ಣ ಹೊಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊಡೆದ ಮೊದಲ ಕಿಕ್ ಅದು. ಟೂ ಸ್ಟ್ರೋಕ್ ಗಾಡಿಯಲ್ಲಿ ಪೆಟ್ರೋಲಿಗೆ ಬೆರೆಸಿದ ಆಯಿಲ್ಲೂ ಉರಿಯುತ್ತದೆ, ಸ್ವಲ್ಪ ಹೊಗೆ ಇದ್ದದ್ದೇ. ಆದರೆ ಇದು ಸ್ವಲ್ಪ ಅಲ್ಲ. ಬಿಳಿ ಹೊಗೆ, ದಪ್ಪಕ್ಕೆ, ನಿಲ್ಲುವ ಲಕ್ಷಣವೇ ಇಲ್ಲ. ನಮ್ಮ ಮನೆಯವರು ಒಳಗಿನಿಂದ, "ಮೊದಲು ಆಫ್ ಮಾಡು ಮಾರಾಯ್ತಿ" ಎಂದರು. ಮಾಡಿದೆ. ನಿಂಬೆಹಣ್ಣು ಅಲ್ಲೇ ಉಳಿಯಿತು.

ನಾನು ಶಿವಮೊಗ್ಗದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್. ಮೆಷಿನ್ ಕೆಟ್ಟರೆ ನಾನೇ ಬಿಚ್ಚುತ್ತೇನೆ, ಬೇರೆಯವರ ಮೆಷಿನ್ನೂ ರಿಪೇರಿಗೆ ಬರುತ್ತವೆ. ಸ್ಕೂಟರಿಗೆ ಕೈ ಹಾಕುವ ಧೈರ್ಯ ಬಂದದ್ದು ಅಲ್ಲಿಂದ. ಸೂಜಿ ಕೆಳಗೆ ಬಂದಾಗ ಹುಕ್ಕು ಸರಿಯಾದ ಗಳಿಗೆಗೆ ಬಂದು ದಾರ ಹಿಡಿಯಬೇಕು, ಇಲ್ಲದಿದ್ದರೆ ಹೊಲಿಗೆ ಬಿಡುತ್ತದೆ. ಪಿಸ್ಟನ್ ಮೇಲೆ ಬಂದಾಗ ಪ್ಲಗ್ಗು ಸರಿಯಾದ ಗಳಿಗೆಗೆ ಕಿಡಿ ಕೊಡಬೇಕು. ಎರಡೂ ಟೈಮಿಂಗೇ ಅಲ್ವಾ ಎಂದುಕೊಂಡೆ. ಅಷ್ಟು ಸುಲಭ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಗಾಡಿ ನಮ್ಮ ಹಾಲಿನಜ್ಜನದು. ನಾನು ಹೈಸ್ಕೂಲಿಗೆ ಹೋಗುವಾಗಿಂದ ಬೆಳಿಗ್ಗೆ ಐದೂವರೆಗೆ ಬೀದಿಯಲ್ಲಿ ಅದರ ಸದ್ದು. ಹಿಂದೆ ಎರಡು ಪಕ್ಕಕ್ಕೆ ಕೊಕ್ಕೆ ಬೆಸೆದು ಎರಡು ಕ್ಯಾನು, ಕಾಲಿಡುವ ಜಾಗದಲ್ಲಿ ಒಂದು ಕಬ್ಬಿಣದ ಬಳೆ, ಅದರೊಳಗೆ ಮೂರನೇ ಕ್ಯಾನು. ಹಸು ಮಾರಿದ ಮೇಲೆ ಗಾಡಿ ಅವರ ಹಿತ್ತಲಿನ ಹಲಸಿನ ಮರದ ಕೆಳಗೆ ನಿಂತಿತು. ನಾನು ನೋಡಲು ಹೋದಾಗ ಡಿಕ್ಕಿಯೊಳಗೆ ಒಂದು ಕೋಳಿ ಕಾವಿಗೆ ಕೂತಿತ್ತು. ಮರಿ ಆಗುವವರೆಗೆ ಗಾಡಿ ಕೊಡುವುದಿಲ್ಲ ಎಂದರು ಅಜ್ಜ. ಎರಡು ವಾರ ಕಾದೆ.

ಒಂಬತ್ತು ಸಾವಿರಕ್ಕೆ ಮಾತಾಯಿತು. ದುಡ್ಡು ಎಣಿಸಿಕೊಂಡು ಅಜ್ಜ, "ಸೆಕೆಂಡ್ ಗೇರ್ ನಿಲ್ಲೂದಿಲ್ಲ, ನೋಡ್ಕೋ. ಹ್ಯಾಂಡಲ್ ಹಿಂಗೆ ಹಿಡಿದಿರ್ಬೇಕು" ಎಂದು ಎಡಗೈ ಮಣಿಕಟ್ಟನ್ನು ಕೆಳಕ್ಕೆ ತಿರುಚಿ ತೋರಿಸಿದರು. ಚೇತಕ್‌ನಲ್ಲಿ ಗೇರು ಇರುವುದು ಎಡಗೈಯಲ್ಲಿ. ಕ್ಲಚ್ ಹಿಡಿದು ಹಿಡಿಕೆಯನ್ನೇ ತಿರುಗಿಸಬೇಕು. ಆ ಮಣಿಕಟ್ಟು ಹಾಗೇ ತಿರುಚಿಕೊಂಡು ಇಪ್ಪತ್ತು ವರ್ಷ ಹಾಲು ಹಾಕಿದ್ದಾರೆ ಅಜ್ಜ.

ಹಳೆ ಗಾಡಿ ತೆಗೆದುಕೊಳ್ಳುವವರಿಗೆ ಒಂದು ಮಾತು. ಎಂಜಿನ್ ನೋಡುವ ಮೊದಲು ಆರ್‌ಸಿ ನೋಡಿ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಅಜ್ಜ ಮಾಡಿಸಿರಲಿಲ್ಲ. ಹೆಸರು ಬದಲಾಯಿಸಲು ಫಾರಂ 29 ಮತ್ತು 30, ನೋಂದಣಿಗೆ ಫಾರಂ 25. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ನಂಬರಿನ ಮೇಲಿದ್ದ ತುಕ್ಕು ತೆಗೆಯಲಿಕ್ಕೇ ಒಂದು ಮಧ್ಯಾಹ್ನ ಹೋಯಿತು. ದಂಡ, ಗ್ರೀನ್ ಟ್ಯಾಕ್ಸು ಎಲ್ಲ ಸೇರಿ ಎಷ್ಟಾಯಿತು ಅಂತ ಮನೆಯಲ್ಲಿ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ನನ್ನ ಮಗ ಸೆಕೆಂಡ್ ಪಿಯುಸಿ. ಅವನಿಗೆ ಗಾಡಿ ನೋಡಿದ ಕೂಡಲೇ ಬೇರೆ ಆಸೆ. ಹಿಂದಿನ ಭಾಗ ಅರ್ಧ ಕತ್ತರಿಸೋಣ, ಸಿಂಗಲ್ ಸೀಟ್ ಹಾಕೋಣ, ಮ್ಯಾಟ್ ಬ್ಲಾಕ್ ಹೊಡೆಸೋಣ ಎಂದು ಮೊಬೈಲಿನಲ್ಲಿ ಫೋಟೊ ತೋರಿಸಿದ. ಚಂದವೇ ಇತ್ತು. ಆದರೆ ಈ ಗಾಡಿಗೆ ಬೈಕಿನ ಹಾಗೆ ಒಳಗೆ ಪೈಪಿನ ಫ್ರೇಮ್ ಇಲ್ಲ. ಬಗ್ಗಿಸಿದ ಉಕ್ಕಿನ ತಗಡೇ ಫ್ರೇಮು, ತಗಡೇ ಮೈ. ಇಟಲಿಯ ವೆಸ್ಪಾ ಹಾಗೇ ಇತ್ತು. ಅದನ್ನು ಮಾಡಿದ ಕೊರಾದಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್. ಬಜಾಜ್‌ನವರು ಮೊದಲು ಪಿಯಾಜಿಯೊ ಲೈಸೆನ್ಸಿನಲ್ಲಿ ವೆಸ್ಪಾ ಮಾಡುತ್ತಿದ್ದರು. ಆಮೇಲೆ 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ತಂದರು. ಮೈಕಟ್ಟು ಅದೇ. ಹಾಗಾಗಿ ಎಲ್ಲೆಂದರಲ್ಲಿ ಕತ್ತರಿ ಹಾಕಿದರೆ ಗಾಡಿ ನಡುವೆ ಮುರಿಯುತ್ತದೆ. ಬ್ಲೌಸಿನ ಪಕ್ಕದ ಹೊಲಿಗೆ ಬಿಚ್ಚಬಹುದು, ಭುಜದ ಪಟ್ಟಿ ಕತ್ತರಿಸಬಾರದು ಎಂದು ಹೇಳಿದೆ. ಅವನಿಗೆ ಅರ್ಥ ಆಗಲಿಲ್ಲ. ಪರೀಕ್ಷೆಗೆ ಓದಲು ಕಳಿಸಿದೆ.

ಬಿಚ್ಚುವ ಕೆಲಸ ನನಗೆ ಇಷ್ಟ. ಗಿರಾಕಿ ಬಟ್ಟೆಗೆ ಚೀಟಿ ಪಿನ್ ಮಾಡುವ ಹಾಗೆ ಒಂದೊಂದು ಕವರಿಗೂ ಚೀಟಿ: "ಮುಂದಿನ ಬ್ರೇಕ್, ದೊಡ್ಡ ನಟ್ಟು 1, ವಾಷರ್ 2." ಎಂಜಿನ್ ಇಳಿಸುವುದು ಮೇಲ್ನೋಟಕ್ಕೆ ಸುಲಭ. ಕೇಬಲ್‌ಗಳು, ಪೆಟ್ರೋಲ್ ಪೈಪು, ವೈರು, ಹಿಂದಿನ ಶಾಕ್ ಅಬ್ಸಾರ್ಬರಿನ ನಟ್ಟು, ಆಮೇಲೆ ಮೈಯಿಂದ ಎಂಜಿನ್ನಿಗೆ ಅಡ್ಡಕ್ಕೆ ಹೋಗುವ ಒಂದೇ ಒಂದು ಉದ್ದ ಬೋಲ್ಟು. ಅದು ಬಂದರೆ ಎಂಜಿನ್ನು, ಹಿಂದಿನ ಚಕ್ರ ಎರಡೂ ಜೊತೆಗೇ ಕೆಳಗೆ. ಆದರೆ ಅದೇ ಬರಲಿಲ್ಲ. ಮಳೆಗಾಲದ ನೀರು ಕುಡಿದು ಒಳಗೇ ಬೇರು ಬಿಟ್ಟಿತ್ತು. ಮೂರು ದಿನ ಡೀಸೆಲ್ ಬಿಟ್ಟೆ. ಸುತ್ತಿಗೆಯಲ್ಲಿ ಬಡಿದರೆ ತಲೆ ಅಣಬೆಯ ಹಾಗೆ ಅರಳಿತು. ನಾಲ್ಕನೇ ದಿನ ನಮ್ಮ ಮನೆಯವರು ಎರಡೂ ಕಡೆ ಬೆಂಕಿ ತೋರಿಸಿ, ಕಬ್ಬಿಣದ ಸರಳಿಟ್ಟು ಹೊಡೆದರು. ಟಣ್ ಅಂತ ಒಂದು ಸದ್ದು. ಒಂದು ನೂಲಿನಷ್ಟು ಸರಿಯಿತು. ಅಲ್ಲಿಂದ ಪೂರ್ತಿ ಹೊರಬರಲು ಎರಡು ಗಂಟೆ.

ಹಾಲು ಚೆಲ್ಲಿ ಚೆಲ್ಲಿ ಕಾಲಿಡುವ ತಗಡು ಹಪ್ಪಳ ಆಗಿತ್ತು. ರಬ್ಬರ್ ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ. ಇದನ್ನು ಕತ್ತರಿಸಿ ಹೊಸದು ಹಾಕುವಾಗ ಒಂದು ಎಚ್ಚರ ಬೇಕು. ಮೊದಲೇ ಹೇಳಿದೆನಲ್ಲ, ತಗಡೇ ಫ್ರೇಮು. ಕೆಳಗಿನದು ಕತ್ತರಿಸಿದ ಕೂಡಲೇ ಮುಂಭಾಗ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ ವಾಲುತ್ತದೆ. ಆಮೇಲೆ ಗಾಡಿ ಜೀವಮಾನವಿಡೀ ಏಡಿಯ ಹಾಗೆ ಅಡ್ಡ ನಡೆಯುತ್ತದೆ. ಅದಕ್ಕೇ ಟಿಂಕರಿಂಗ್ ಮಾಡುವವರು ಮೊದಲು ಮುಂದಿನ ಶೀಲ್ಡಿನಿಂದ ಸೀಟಿನ ಕೆಳಗಿನವರೆಗೆ ಎರಡು ಆ್ಯಂಗಲ್ ಪಟ್ಟಿ ತಾತ್ಕಾಲಿಕಕ್ಕೆ ಬೆಸೆದರು. ಆಮೇಲೆ ಕತ್ತರಿಸಿದರು. ಆ ಕೆಲಸ ನನ್ನಿಂದ ಆಗುವುದಿಲ್ಲ, ಕೈ ಹಾಕಲೂ ಇಲ್ಲ. ನಿಂತು ನೋಡಿದೆ. "ಮೇಡಂ, ಯಜಮಾನ್ರನ್ನ ಕಳ್ಸಿ, ಮಾತಾಡ್ಬೇಕು" ಎಂದರು. "ಯಜಮಾನ್ರಿಗೆ ಪಂಕ್ಚರ್ ಹಾಕೋಕೂ ಬರಲ್ಲ, ನನ್ಹತ್ರಾನೇ ಮಾತಾಡಿ" ಎಂದೆ. ಆಮೇಲೆ ಚೆನ್ನಾಗಿಯೇ ಮಾತಾಡಿದರು. ಚಹಾನೂ ತರಿಸಿದರು.

ಹಳೆಯ ಕಬ್ಬಿಣದ ಬಳೆಯನ್ನು ಬಿಸಾಡಬೇಡಿ ಎಂದು ಹೇಳಿ ವಾಪಸು ತಂದೆ. ಅದರ ಕಥೆ ಆಮೇಲೆ.

ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 57 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಅದೂ 57 ಮಿಲಿಮೀಟರ್. ಲೆಕ್ಕ ಹಾಕಿದರೆ 145.45 ಸಿಸಿ ಬರುತ್ತದೆ. ಮಗನ ಕೈಯಲ್ಲಿ ಲೆಕ್ಕ ಮಾಡಿಸಿದೆ, ಪರೀಕ್ಷೆಗೂ ಆಯಿತು. ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು. ಲೇತ್ ಮೇಸ್ತ್ರಿ ಅಳತೆ ನೋಡಿ, ಮೊದಲು ಪಿಸ್ಟನ್ ತನ್ನಿ, ಅದರ ಅಳತೆಗೆ ಸಿಲಿಂಡರ್ ಕೊರೆದು ಬೋರ್ ಮಾಡುತ್ತೇನೆ ಎಂದರು. ಇದು ಒಳ್ಳೆ ಪಾಠ. ರವಿಕೆಗೂ ಹಾಗೇ, ಮೊದಲು ಮೈ ಅಳತೆ, ಆಮೇಲೆ ಕತ್ತರಿ.

ಪಿಸ್ಟನ್ ಹುಡುಕಲು ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಸುತ್ತಿದೆ. ಒಂದು ಅಂಗಡಿಯ ಹುಡುಗ, "ಚೇತಕ್ಕಾ? ಬ್ಯಾಟರಿ ಗಾಡಿಗೆ ಪಿಸ್ಟನ್ ಎಲ್ಲಿ ಬರುತ್ತೆ ಮೇಡಂ?" ಎಂದು ನಕ್ಕ. ಅವನ ತಪ್ಪಲ್ಲ. 2020ರಿಂದ ಚೇತಕ್ ಅಂದರೆ ಕರೆಂಟಿನ ಗಾಡಿ. ಅವನಿಗೆ ಹಳೆಯದು ಗೊತ್ತೇ ಇಲ್ಲ. ಒಳಗಿದ್ದ ವಯಸ್ಸಾದವರು ಎದ್ದು ಬಂದು, ಧೂಳು ಒರೆಸಿ ಒಂದು ಡಬ್ಬ ಕೊಟ್ಟರು. ಶಿವಾಜಿನಗರದ ಗುಜರಿಯಲ್ಲಿ ಒಂದು ಒಳ್ಳೆ ಹೆಡ್‌ಲೈಟ್ ರಿಂಗು ಸಿಕ್ಕಿತು. ಅಲ್ಲಿ ಚೌಕಾಸಿ ಮಾಡಲು ನಾಚಬಾರದು.

ಸೆಕೆಂಡ್ ಗೇರಿನ ರೋಗವೂ ಎಂಜಿನ್ ಬಿಚ್ಚಿದಾಗಲೇ ಕಂಡಿತು. ಗೇರ್ ಚಕ್ರಗಳೆಲ್ಲ ಒಂದು ಟೊಳ್ಳು ಶಾಫ್ಟಿನ ಮೇಲೆ ಕೂತಿರುತ್ತವೆ. ಅದರೊಳಗೆ ನಾಲ್ಕು ಕೈಗಳ ಒಂದು ಸಣ್ಣ ಉಕ್ಕಿನ ತುಂಡು ಆಚೀಚೆ ಸರಿಯುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ರಾಸ್ ಎನ್ನುತ್ತಾರೆ. ಯಾವ ಚಕ್ರದೊಳಗೆ ಅದು ಸಿಕ್ಕಿಕೊಳ್ಳುತ್ತದೋ ಆ ಗೇರು. ಅಜ್ಜನ ಕ್ರಾಸಿನ ಕೈಗಳ ಮೂಲೆ ಸವೆದು ಹಳೆ ನಾಲ್ಕಾಣೆಯ ಅಂಚಿನಷ್ಟು ನಯ ಆಗಿತ್ತು. ಹಿಡಿತವೇ ಇಲ್ಲ. ಎಳೆತ ಬಂದ ಕೂಡಲೇ ಜಾರಿ ನ್ಯೂಟ್ರಲ್‌ಗೆ ಬೀಳುತ್ತದೆ. ಹೊಸದಕ್ಕೆ ಆರುನೂರು ರೂಪಾಯಿ ಕೊಟ್ಟೆ.

ಬೇರಿಂಗ್ ಕೂರಿಸುವುದಕ್ಕೆ ಎಂಜಿನ್ನಿನ ಅಲ್ಯೂಮಿನಿಯಂ ಕೇಸು ಬಿಸಿ ಇರಬೇಕು, ಬೇರಿಂಗು ತಣ್ಣಗಿರಬೇಕು. ನನ್ನ ಹತ್ತಿರ ಗ್ಯಾಸ್ ಟಾರ್ಚ್ ಇಲ್ಲ, ಆದರೆ ಏಳು ಕೆಜಿಯ ಇಸ್ತ್ರಿ ಪೆಟ್ಟಿಗೆ ಇದೆ. ಬೇರಿಂಗನ್ನು ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಪಕ್ಕ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆಯನ್ನು ಕೇಸಿನ ಮೇಲೆ ಇಪ್ಪತ್ತು ನಿಮಿಷ ಕೂರಿಸಿದೆ. ನೀರು ಚಿಮುಕಿಸಿದರೆ ಚುಂಯ್ ಅನ್ನಬೇಕು. ಬೇರಿಂಗ್ ತಂದು ಇಟ್ಟೆ. ಬಡಿಯುವುದೇ ಬೇಡ, ತಾನಾಗಿ ಟಪ್ ಅಂತ ಕೂತಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಗಳಿಗೆ ಅದು. ಆ ಖುಷಿಯಲ್ಲೇ ಮುಂದಿನ ತಪ್ಪು ಮಾಡಿದೆ.

ಕೇಬಲ್ ಎಳೆಯುವುದಕ್ಕೆ ಒಂದು ಉಪಾಯ ಹೇಳುತ್ತೇನೆ. ಹಳೆ ಕೇಬಲ್ ಸುಮ್ನೆ ಎಳೆದು ಬಿಸಾಡಬೇಡಿ. ಅದರ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ, ದಾರ ಒಳಗೆ ಉಳಿಯುತ್ತದೆ. ಅದೇ ದಾರಕ್ಕೆ ಹೊಸದು ಕಟ್ಟಿ ವಾಪಸು ಎಳೆದರೆ ಆಯಿತು. ಲಂಗಕ್ಕೆ ಲಾಡಿ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೈಲೆನ್ಸರನ್ನು ತೆಂಗಿನ ಚಿಪ್ಪಿನ ಬೆಂಕಿಯಲ್ಲಿ ಸುಟ್ಟು ಕಾರ್ಬನ್ ಉದುರಿಸಿದೆ. ವೈರಿಂಗು ಪೂರ್ತಿ ಹೊಸದು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ಬೇಜಾರಿನ ಕೆಲಸ.

ಚಕ್ರದ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಚೇತಕ್‌ನ ರಿಮ್ಮು ಎರಡು ಹೋಳು, ನಟ್ಟಿನಿಂದ ಸೇರಿಸಿದ್ದು. ಟ್ಯೂಬಿನ ಗಾಳಿ ಪೂರ್ತಿ ಬಿಡದೆ ಆ ನಟ್ಟುಗಳನ್ನು ಬಿಚ್ಚಿದರೆ ಹೋಳು ಮುಖಕ್ಕೇ ಹಾರುತ್ತದೆ. ವಾಲ್ವಿನ ಪಿನ್ನು ತೆಗೆದು, ಕೈಯಲ್ಲಿ ಒತ್ತಿ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಬಣ್ಣ ಹಳೆಯದೇ, ತಿಳಿ ನೀಲಿ. ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲೂ ಬರೆಸಬೇಕು. ಇನ್ನೊಂದು ಸಲ ಆರ್‌ಟಿಓ ಕಚೇರಿಗೆ ಹೋಗುವ ತಾಳ್ಮೆ ನನಗಿರಲಿಲ್ಲ. ವಾಟರ್ ಪೇಪರ್ ಹಿಡಿದು ತಗ್ಗು ತುಂಬಿದ ಪುಟ್ಟಿ ಉಜ್ಜಿದ್ದು ನಾನೂ ಮಗನೂ, ಸ್ಪ್ರೇ ಮಾಡಿದ್ದು ಅಂಗಡಿಯವರು.

ಸೀಟು ಮಾತ್ರ ಪೂರ್ತಿ ನನ್ನದು. ಅಲ್ಲಿ ಯಾರ ಮಾತೂ ಕೇಳುವುದಿಲ್ಲ. ಹಳೆ ಕವರನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ ಅದನ್ನೇ ಅಳತೆ ಇಟ್ಟುಕೊಂಡೆ. ಕಂದು ರೆಕ್ಸಿನ್, 18ನೇ ನಂಬರ್ ಸೂಜಿ, ನೈಲಾನ್ ದಾರ. ರೆಕ್ಸಿನ್ನಿಗೆ ಬಟ್ಟೆಯ ಹಾಗೆ ಒತ್ತೊತ್ತಾಗಿ ಹೊಲಿಗೆ ಹಾಕಬಾರದು. ತೂತು ಹತ್ತಿರ ಹತ್ತಿರ ಬಿದ್ದರೆ ಸ್ಟಾಂಪಿನ ಹಾಳೆ ಹರಿದ ಹಾಗೆ ಹರಿಯುತ್ತದೆ. ಟಾಕಾ ದೊಡ್ಡದು ಇಟ್ಟುಕೊಳ್ಳಬೇಕು. ಮೆಷಿನ್ನಿನ ಪ್ರೆಸ್ಸರ್ ಕಾಲಿನ ಕೆಳಗೆ ರೆಕ್ಸಿನ್ ಅಂಟಿಕೊಂಡು ಜಾರುವುದಿಲ್ಲ, ಅದಕ್ಕೆ ಒಂದು ಹನಿ ಎಣ್ಣೆ ಸವರಬೇಕು. ಜೋಡಣೆಯ ಹೊಲಿಗೆ ಸೀಟಿನ ಮೇಲ್ಗಡೆ ಬರಬಾರದು, ಪಕ್ಕಕ್ಕೆ ಇಳಿಯಬೇಕು. ಅಂಗಡಿಯ ಸೀಟ್ ಕವರ್‌ಗಳಲ್ಲಿ ಚಂದಕ್ಕೆ ಅಂತ ಮೇಲೆಯೇ ಡೈಮಂಡ್ ಹೊಲಿಗೆ ಹಾಕಿರುತ್ತಾರೆ. ನಮ್ಮ ಮಲೆನಾಡಿನ ಮಳೆಗೆ ಅದು ಜರಡಿ. ಒಳಗಿನ ಫೋಮು ನೀರು ಕುಡಿಯುತ್ತದೆ, ಬಿಸಿಲು ಬಂದ ದಿನವೂ ಸೀರೆ ಒದ್ದೆ. ಅಂಚಿಗೆ ಬಿಳಿ ಪೈಪಿಂಗ್ ಕೊಟ್ಟೆ. ಚೆನ್ನಾಗಿ ಬಂತು, ಸುಮ್ನೆ ಹೇಳುತ್ತಿಲ್ಲ.

ಇನ್ನು ಆ ಕಬ್ಬಿಣದ ಬಳೆ. ಅದನ್ನು ಹೊಸ ತಗಡಿನ ಮೇಲೆ ಬೋಲ್ಟ್ ಹಾಕಿ ಕೂರಿಸಿದೆ. ಬಳೆಯ ಮೇಲೆ ಹಲಸಿನ ಹಲಗೆ, ಹಲಗೆಯಲ್ಲಿ ಎರಡು ತೂತು. ಹೊಲಿಗೆ ಮೆಷಿನ್ನಿನ ತಲೆಯನ್ನು ಟೇಬಲಿಗೆ ಹಿಡಿದಿಡುವ ಹಿಂಜ್ ಪಿನ್ನು ಇರುತ್ತದಲ್ಲ, ಅದೇ ಅಳತೆಗೆ. ಈಗ ರಿಪೇರಿಯ ಮೆಷಿನ್ನು ಕಾಲಿನ ಮುಂದೆ ಅಲ್ಲಾಡದೆ ಕೂರುತ್ತದೆ. ಮುಂಚೆ ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಿದ್ದೆ. ಹಿಂದಿನ ಕೊಕ್ಕೆಗಳಿಗೆ ರಬ್ಬರ್ ಪೈಪ್ ತೊಡಿಸಿದೆ, ಬಟ್ಟೆ ಚೀಲ ತೂಗುಹಾಕಲು. ಮಗನ ಪ್ರಕಾರ ಇದು ಕಸ್ಟಮ್ ಅಲ್ಲ, ಲಗೇಜ್ ಗಾಡಿ.

ಈಗ ಹೊಗೆಗೆ ಬರೋಣ. ಮೊದಲು ಆಯಿಲ್ ಜಾಸ್ತಿ ಬೆರೆಸಿದೆನಾ ಎಂದುಕೊಂಡೆ. ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂಟಿ ಆಯಿಲ್, ಅಂದರೆ ಶೇಕಡಾ 2 ಲೆಕ್ಕ. ಹೊಸ ಬೋರ್ ಅಂತ ಸ್ವಲ್ಪ ಧಾರಾಳ ಮಾಡಿದ್ದೆ. ಟ್ಯಾಂಕ್ ಖಾಲಿ ಮಾಡಿ ಅಳೆದು ಬೆರೆಸಿದೆ. ಹೊಗೆ ಹಾಗೇ. ಕಾರ್ಬೊರೇಟರ್ ತೊಳೆದೆ. ಹಾಗೇ. ಪ್ಲಗ್ ಬಿಚ್ಚಿದರೆ ಒದ್ದೆ. ಮೂಸಿದೆ. ಪೆಟ್ರೋಲ್ ವಾಸನೆಗಿಂತ ಸುಟ್ಟ ಎಣ್ಣೆಯ ವಾಸನೆ ಜಾಸ್ತಿ. ಆಗ ತಲೆಗೆ ಹೊಳೆಯಿತು. ಗೇರ್ ಆಯಿಲ್ ಬೋಲ್ಟ್ ಬಿಚ್ಚಿ ಪಾತ್ರೆಗೆ ಇಳಿಸಿದೆ. ಹಾಕಿದ್ದರಲ್ಲಿ ಅರ್ಧಕ್ಕರ್ಧ ಇಲ್ಲ. ನೆಲದಲ್ಲಿ ಒಂದು ಹನಿಯೂ ಸೋರಿಲ್ಲ.

ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಓಟದಿಂದ ತಿರುಗುವ ಶಾಫ್ಟು, ಇರುವ ಕೋಣೆಗೂ ಕ್ಲಚ್, ಗೇರು ಇರುವ ಕೋಣೆಗೂ ನಡುವೆ ಒಂದು ಆಯಿಲ್ ಸೀಲ್ ಇದೆ. ರಬ್ಬರಿನ ಬಳೆ, ಒಳಗೆ ತೆಳ್ಳಗಿನ ತುಟಿ. ಅದು ಹರಿದರೆ ಪಿಸ್ಟನ್ ಮೇಲೆ ಹೋದಾಗಲೆಲ್ಲ ಗೇರ್ ಆಯಿಲ್ಲನ್ನು ಹೀರಿ ಸುಡುತ್ತದೆ. ಹೊಸ ಸೀಲೇ ಹಾಕಿದ್ದೆನಲ್ಲ! ಆದರೆ ಬೇರಿಂಗ್ ಟಪ್ ಅಂತ ಕೂತ ಖುಷಿಯಲ್ಲಿ ಸೀಲಿನ ತುಟಿಗೆ ಗ್ರೀಸ್ ಹಚ್ಚದೆ ಕ್ರ್ಯಾಂಕ್ ತಳ್ಳಿದ್ದೆ. ಎಂಜಿನ್ ಮತ್ತೆ ಇಳಿಸಿ, ಎರಡು ಹೋಳು ಮಾಡಿ ನೋಡಿದರೆ, ಪ್ರೆಸ್ಸರ್ ಕಾಲಿನ ಕೆಳಗೆ ಬಟ್ಟೆ ಮಡಚಿ ಹೊಲಿಗೆ ಬಿದ್ದ ಹಾಗೆ ತುಟಿ ಮಡಚಿ ಹರಿದಿತ್ತು. ಎಂಬತ್ತು ರೂಪಾಯಿಯ ಸೀಲು. ಎರಡು ವಾರ ಹೋಯಿತು. ಆ ಎರಡು ವಾರದಲ್ಲಿ ಒಂದು ಮದುವೆಯ ಹದಿನಾಲ್ಕು ಬ್ಲೌಸು ಬಾಕಿ ಬೇರೆ.

ಎರಡನೇ ಸಲ ಮೂರು ಕಿಕ್ಕಿಗೆ ಹಿಡಿಯಿತು. ಸ್ವಲ್ಪ ಹೊತ್ತು ನೀಲಿ ಹೊಗೆ, ಆಮೇಲೆ ತೆಳುವಾಯಿತು. ಎದುರು ಮನೆ ಅಕ್ಕ ಕಿಟಕಿ ತೆಗೆದೇ ಇಟ್ಟಿದ್ದರು. ಮೊದಲ ಐನೂರು ಕಿಲೋಮೀಟರ್ ನಲವತ್ತರ ಮೇಲೆ ಓಡಿಸಬೇಡಿ ಎಂದಿದ್ದರು ಲೇತ್ ಮೇಸ್ತ್ರಿ. ಅದಕ್ಕೆ ಬೆಳಿಗ್ಗೆ ಬೇಗ ಎದ್ದು ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಡ್ಯಾಮಿನವರೆಗೆ ಹೋಗಿ ಬರುತ್ತಿದ್ದೆ. ಒಂದೇ ತೊಂದರೆ. ಮನೆಗೆ ಬಂದ ಮೇಲೆ ಸೀಟಿನ ಕೆಳಗಿನ ಪೆಟ್ರೋಲ್ ನಾಬ್ ಬಂದ್ ಮಾಡುವುದನ್ನು ಮರೆಯುತ್ತೇನೆ. ರಾತ್ರಿಯೆಲ್ಲ ಕಾರ್ಬೊರೇಟರಿಗೆ ಪೆಟ್ರೋಲ್ ಇಳಿದು, ಬೆಳಿಗ್ಗೆ ಎಷ್ಟು ತುಳಿದರೂ ಸ್ಟಾರ್ಟ್ ಆಗುವುದಿಲ್ಲ.

ಹೋದ ವಾರ ಅಜ್ಜ ಬಂದಿದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಲಗೆ ಮುಟ್ಟಿ, "ಇದು ನಮ್ಮ ಹಲಸೇನಾ?" ಎಂದರು. ಹೌದು, ಅವರ ಹಿತ್ತಲಿನದೇ, ಮಗ ತಂದಿದ್ದ. ಕೇಳದೇನೇ ಕೀಲಿ ಹಾಕಿ, ನಾಬ್ ತೆಗೆದು, ಗಾಡಿಯನ್ನು ಒಂದು ಪಕ್ಕಕ್ಕೆ ಪೂರ್ತಿ ವಾಲಿಸಿ, ನೆಟ್ಟಗೆ ಮಾಡಿ, ಒಂದೇ ಕಿಕ್ ಹೊಡೆದರು. ಹಿಡಿಯಿತು. ಬೀದಿಯ ತುದಿಯವರೆಗೆ ಹೋಗಿ ಬಂದರು. ನಾನು ಗೇಟಿನಲ್ಲಿ ನಿಂತು ಅವರ ಎಡಗೈಯನ್ನೇ ನೋಡುತ್ತಿದ್ದೆ. ಸೆಕೆಂಡ್ ಗೇರಿನಲ್ಲಿ ಮಣಿಕಟ್ಟು ಹಾಗೇ ಕೆಳಕ್ಕೆ ತಿರುಚಿತ್ತು.

"ಅಜ್ಜ, ಈಗ ಹಂಗೆ ಹಿಡ್ಕೋಬೇಕಾಗಿಲ್ಲ. ಕೈ ಬಿಟ್ರೂ ನಿಲ್ತದೆ."

"ಹೌದಾ? ಎಂಥ ಮಾಡ್ದೆ ಮಾರಾಯ್ತಿ?"

ಸವೆದ ಕ್ರಾಸನ್ನು ಕವರಿನಿಂದ ತೆಗೆದು ಕೈಯಲ್ಲಿಟ್ಟೆ. ಚೀಟಿ ಇನ್ನೂ ಅದರಲ್ಲೇ ಇತ್ತು. ತಿರುಗಿಸಿ ತಿರುಗಿಸಿ ನೋಡಿದರು. "ಇಷ್ಟಕ್ಕೇನಾ? ಎಷ್ಟು ಇದಕ್ಕೆ?"

"ಆರುನೂರು."

"ಥೋ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಜೇಬಿಗೆ ಹಾಕಿಕೊಂಡರು. ಕಾಫಿ ಕುಡಿದು, ಮದುವೆಯವರ ಬ್ಲೌಸು ಮುಗಿಯಿತಾ ಎಂದು ವಿಚಾರಿಸಿ ಹೊರಟರು.

ಆಮೇಲೆ ನೋಡಿದರೆ ಪೆಟ್ರೋಲ್ ನಾಬ್ ಬಂದ್ ಆಗಿತ್ತು.